ಕೊರಿಯಾ ಯುದ್ಧ ಮತ್ತು ಅಗಲಿದ ಮನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕೊರಿಯಾದ ಧಾರಾವಾಹಿ ನೋಡುವವರು, ಅಲ್ಲಿನ ಹಾಡು ಕೇಳುವವರು ಈಗ ನಮ್ಮ ಊರುಕೇರಿಗಳಲ್ಲೂ ಇದ್ದಾರೆ. ಒಂದೇ ಭಾಷೆ, ಒಂದೇ ಬಗೆಯ ಊಟ, ಒಂದೇ ಹಬ್ಬಗಳಿರುವ ಜನ ಎರಡು ದೇಶವಾಗಿದ್ದು ಹೇಗೆ ಎಂದು ಅವರು ಕೇಳುತ್ತಾರೆ. ಇಲ್ಲಿ ಸೇನೆಗಳ ಕಥೆಗಿಂತ ಮನೆಗಳ ಕಥೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಆ ಯುದ್ಧದಲ್ಲಿ ಸೇನೆಗಳು 1953ರಲ್ಲಿ ನಿಂತವು. ಮನೆಗಳ ಪಾಲಿಗೆ ಅದು ಇನ್ನೂ ನಡೆಯುತ್ತಲೇ ಇದೆ.

ಕೊರಿಯಾವನ್ನು ಎರಡಾಗಿ ಸೀಳಿದವರು ಯಾರು?

ಕೊರಿಯನ್ನರಂತೂ ಅಲ್ಲ. 1910ರಿಂದ 1945ರವರೆಗೆ ಕೊರಿಯಾ ಜಪಾನಿನ ವಸಾಹತಾಗಿತ್ತು. 1945ರ ಆಗಸ್ಟ್‌ನಲ್ಲಿ ಜಪಾನ್ ಸೋಲುವ ಹೊತ್ತಿಗೆ ಸೋವಿಯತ್ ಪಡೆಗಳು ಉತ್ತರದಿಂದ ಒಳಗೆ ಬರುತ್ತಿದ್ದವು. ಜಪಾನಿ ಸೈನಿಕರ ಶರಣಾಗತಿಯನ್ನು ಯಾರು ಎಲ್ಲಿ ಸ್ವೀಕರಿಸಬೇಕು ಎಂಬುದನ್ನು ತುರ್ತಾಗಿ ಗೊತ್ತುಮಾಡುವ ಕೆಲಸ ವಾಷಿಂಗ್ಟನ್‌ನಲ್ಲಿ ಡೀನ್ ರಸ್ಕ್ ಮತ್ತು ಚಾರ್ಲ್ಸ್ ಬೋನ್‌ಸ್ಟೀಲ್ ಎಂಬ ಇಬ್ಬರು ಸೇನಾಧಿಕಾರಿಗಳ ಪಾಲಿಗೆ ಬಂತು. ನಡುರಾತ್ರಿ ನ್ಯಾಷನಲ್ ಜಿಯೋಗ್ರಾಫಿಕ್‌ನ ಒಂದು ನಕ್ಷೆಯನ್ನು ಮುಂದಿಟ್ಟುಕೊಂಡು, ರಾಜಧಾನಿ ಸೋಲ್ ತಮ್ಮ ಕಡೆಗೆ ಬರುವಂತೆ ಅವರು 38ನೇ ಅಕ್ಷಾಂಶವನ್ನು ಆರಿಸಿದರು. ಸೋವಿಯತ್ ನಾಯಕ ಸ್ಟಾಲಿನ್ ಒಪ್ಪಿಕೊಂಡರು. ಆ ಗೆರೆ ಹೊಲಗಳ ನಡುವೆ, ಹಳ್ಳಿಗಳ ನಡುವೆ ಹಾದುಹೋಗುತ್ತಿತ್ತು. ಯಾವ ಕೊರಿಯನ್ನನನ್ನೂ ಯಾರೂ ಕೇಳಲಿಲ್ಲ.

ಅದು ತಾತ್ಕಾಲಿಕ ಏರ್ಪಾಡು ಎಂದೇ ಎಲ್ಲರೂ ನಂಬಿದ್ದರು. 1948ರಲ್ಲಿ ಇಡೀ ದೇಶಕ್ಕೆ ಚುನಾವಣೆ ನಡೆಸಲು ವಿಶ್ವಸಂಸ್ಥೆ ಒಂದು ಆಯೋಗವನ್ನು ಕಳುಹಿಸಿತು. ಅದರ ಅಧ್ಯಕ್ಷರು ಭಾರತದ ಕೆ.ಪಿ.ಎಸ್. ಮೆನನ್. ಉತ್ತರಕ್ಕೆ ಕಾಲಿಡಲು ಆಯೋಗಕ್ಕೆ ಅವಕಾಶ ಸಿಗಲಿಲ್ಲ. ಮೇ 10ರಂದು ದಕ್ಷಿಣದಲ್ಲಷ್ಟೇ ಮತದಾನವಾಯಿತು. ಆಗಸ್ಟ್ 15ರಂದು ಸಿಂಗ್‌ಮನ್ ರೀ ಅಧ್ಯಕ್ಷತೆಯಲ್ಲಿ ದಕ್ಷಿಣ ಕೊರಿಯಾ, ಸೆಪ್ಟೆಂಬರ್ 9ರಂದು ಕಿಮ್ ಇಲ್-ಸುಂಗ್ ನಾಯಕತ್ವದಲ್ಲಿ ಉತ್ತರ ಕೊರಿಯಾ ಹುಟ್ಟಿಕೊಂಡವು. ಇಡೀ ಕೊರಿಯಾ ತನ್ನದೇ ಎಂದು ಎರಡೂ ಸಾರಿದವು.

ಹಾಗಾದರೆ ಯುದ್ಧ ಶುರು ಮಾಡಿದವರು ಯಾರು?

1950ರ ಜೂನ್ 25ರ ಭಾನುವಾರ ನಸುಕಿನಲ್ಲಿ 38ನೇ ಅಕ್ಷಾಂಶವನ್ನು ದಾಟಿ ದಾಳಿ ಮಾಡಿದ್ದು ಉತ್ತರದ ಸೇನೆ. 1990ರ ದಶಕದಲ್ಲಿ ತೆರೆದ ಸೋವಿಯತ್ ದಾಖಲೆಗಳ ನಂತರ ಇದರಲ್ಲಿ ಅನುಮಾನ ಉಳಿದಿಲ್ಲ. ಕಿಮ್ ಮತ್ತೆ ಮತ್ತೆ ಸ್ಟಾಲಿನ್ ಅನುಮತಿ ಬೇಡಿದ್ದರು, ಸ್ಟಾಲಿನ್ 1950ರಲ್ಲಿ ಒಪ್ಪಿದರು, ಚೀನಾದ ನಾಯಕ ಮಾವೊ ಸಮ್ಮತಿಸಿದರು.

ಆದರೆ ಅದಕ್ಕೂ ಮೊದಲೇ ರಕ್ತ ಹರಿದಿತ್ತು. 1949ರಲ್ಲಿ ಗಡಿಯುದ್ದಕ್ಕೂ ಎರಡೂ ಕಡೆಯವರು ಕಾದಾಡಿದ್ದರು. ಉತ್ತರಕ್ಕೆ ದಂಡೆತ್ತಿ ಹೋಗಬೇಕೆಂದು ರೀ ಕೂಡ ಬಹಿರಂಗವಾಗಿ ಹೇಳುತ್ತಿದ್ದರು. ದಕ್ಷಿಣದ ಜೇಜು ದ್ವೀಪದಲ್ಲಿ 1948ರಲ್ಲಿ ಎದ್ದ ದಂಗೆಯನ್ನು ಹತ್ತಿಕ್ಕುವಾಗ ಸತ್ತವರು 25,000ದಿಂದ 30,000 ಎಂಬ ಅಂದಾಜಿದೆ. ಜೂನ್ 25ರ ಹೊಣೆ ಉತ್ತರದ್ದು. ಅದಕ್ಕೆ ಮೊದಲು ಸುರಿದ ರಕ್ತದ ಹೊಣೆಯನ್ನು ಒಬ್ಬರ ತಲೆಗೆ ಕಟ್ಟಲಾಗದು.

ಆ ಮೂರು ವರ್ಷಗಳಲ್ಲಿ ಏನೇನಾಯಿತು? ಚುಟುಕಾಗಿ ಹೇಳಿ.

ಮೂರೇ ದಿನದಲ್ಲಿ ಸೋಲ್ ಉತ್ತರದ ವಶವಾಯಿತು. ಆಗಸ್ಟ್ ಹೊತ್ತಿಗೆ ದಕ್ಷಿಣದ ಕೈಯಲ್ಲಿ ಉಳಿದದ್ದು ಬುಸಾನ್ ಸುತ್ತಲಿನ ಒಂದು ಮೂಲೆ ಮಾತ್ರ. ಸೆಪ್ಟೆಂಬರ್ 15ರಂದು ದಕ್ಷಿಣದ ನೆರವಿಗೆ ಬಂದ ವಿಶ್ವಸಂಸ್ಥೆಯ ಪಡೆಗಳ ದಂಡನಾಯಕ, ಅಮೆರಿಕದ ಮ್ಯಾಕ್ ಆರ್ಥರ್ ಅವರ ಪಡೆ ಇಂಚಿಯಾನ್‌ನಲ್ಲಿ ಇಳಿಯಿತು. ಅಕ್ಟೋಬರ್ 19ಕ್ಕೆ ಉತ್ತರದ ರಾಜಧಾನಿ ಪ್ಯೊಂಗ್ಯಾಂಗ್ ವಿಶ್ವಸಂಸ್ಥೆಯ ಪಡೆಗಳಿಗೆ ಸಿಕ್ಕಿತು. ಅಮೆರಿಕದ ಪಡೆಗಳು 38ನೇ ಅಕ್ಷಾಂಶ ದಾಟಿದರೆ ಚೀನಾ ಸುಮ್ಮನಿರುವುದಿಲ್ಲ ಎಂದು ಚೀನಾದ ಪ್ರಧಾನಿ ಚೌ ಎನ್-ಲಾಯ್ ಅದೇ ತಿಂಗಳ ಆರಂಭದಲ್ಲಿ ನಡುರಾತ್ರಿ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಕರೆಸಿ ಹೇಳಿದ್ದರು. ವಾಷಿಂಗ್ಟನ್ ಆ ಎಚ್ಚರಿಕೆಯನ್ನು ನಂಬಲಿಲ್ಲ. ಚೀನಾ ಬಂತು. 1951ರ ಜನವರಿ 4ಕ್ಕೆ ಸೋಲ್ ಮತ್ತೆ ಬಿತ್ತು, ಮಾರ್ಚ್‌ನಲ್ಲಿ ಮತ್ತೆ ದಕ್ಷಿಣಕ್ಕೆ ಮರಳಿತು. ಒಂಬತ್ತು ತಿಂಗಳಲ್ಲಿ ಒಂದೇ ನಗರ ನಾಲ್ಕು ಬಾರಿ ಕೈ ಬದಲಾಯಿಸಿತು.

1951ರ ಜುಲೈನಲ್ಲಿ ಮಾತುಕತೆ ಶುರುವಾಯಿತು. ಮುಂದಿನ ಎರಡು ವರ್ಷ ಒಂದೊಂದು ಗುಡ್ಡಕ್ಕಾಗಿ ಸಾವಿರಾರು ಜನ ಸತ್ತರು.

ಎಷ್ಟು ಜನ ಸತ್ತರು?

ಒಟ್ಟು 25 ಲಕ್ಷದಿಂದ 30 ಲಕ್ಷ ಎಂಬುದು ಹೆಚ್ಚಿನ ಇತಿಹಾಸಕಾರರ ಅಂದಾಜು. ಅವರಲ್ಲಿ ಬಹುಪಾಲು ಆಯುಧ ಹಿಡಿಯದ ನಾಗರಿಕರು. ಅಮೆರಿಕದ ವಿಮಾನಗಳು ಸುಮಾರು 6,35,000 ಟನ್ ಬಾಂಬ್ ಸುರಿಸಿದವು. ಎರಡನೇ ಮಹಾಯುದ್ಧದಲ್ಲಿ ಇಡೀ ಪೆಸಿಫಿಕ್ ರಣರಂಗದಲ್ಲಿ ಸುರಿಸಿದ್ದಕ್ಕಿಂತ ಇದು ಹೆಚ್ಚು. ಉತ್ತರದ ದೊಡ್ಡ ಪಟ್ಟಣಗಳಲ್ಲಿ ಗೋಡೆ ನಿಂತಿದ್ದ ಮನೆಗಳೇ ವಿರಳವಾದವು. ಇಂದಿಗೂ ಉತ್ತರದ ಸರ್ಕಾರ ತನ್ನ ಜನರಲ್ಲಿ ಭಯವನ್ನು ಜೀವಂತವಾಗಿಡಲು ಬಳಸುವುದು ಆ ಬಾಂಬುಗಳ ನೆನಪನ್ನೇ. ಆ ನೆನಪು ಸುಳ್ಳಲ್ಲ ಎಂಬುದನ್ನು ಹೊರಗಿನವರು ಮರೆಯುತ್ತಾರೆ.

ಯುದ್ಧ ಇನ್ನೂ ಮುಗಿದಿಲ್ಲ ಎನ್ನುತ್ತಾರಲ್ಲ, ನಿಜವೇ?

ನಿಜ. 1953ರ ಜುಲೈ 27ರಂದು ಪನ್ಮುಂಜಾಮ್‌ನಲ್ಲಿ ಸಹಿ ಬಿದ್ದದ್ದು ಕದನವಿರಾಮಕ್ಕೆ, ಶಾಂತಿ ಒಪ್ಪಂದಕ್ಕಲ್ಲ. ವಿಶ್ವಸಂಸ್ಥೆಯ ಪಡೆಗಳ ಪರವಾಗಿ ಅಮೆರಿಕದ ಸೇನಾನಿಗಳು, ಇನ್ನೊಂದು ಕಡೆಯಿಂದ ಉತ್ತರ ಕೊರಿಯಾ ಮತ್ತು ಚೀನಾ ಸಹಿ ಹಾಕಿದವು. ದಕ್ಷಿಣ ಕೊರಿಯಾ ಸಹಿ ಹಾಕಲೇ ಇಲ್ಲ. ದೇಶ ಒಂದಾಗದೆ ಯುದ್ಧ ನಿಲ್ಲಿಸುವುದನ್ನು ರೀ ಒಪ್ಪಿರಲಿಲ್ಲ. ಶಾಂತಿ ಒಪ್ಪಂದ ಮುಂದೆ ಆಗಬೇಕಿತ್ತು. ಇಂದಿಗೂ ಆಗಿಲ್ಲ.

ಈಗಿನ ಗಡಿ 38ನೇ ಅಕ್ಷಾಂಶವೇ?

ಅಲ್ಲ. ಕದನ ನಿಂತಾಗ ಸೇನೆಗಳು ಎಲ್ಲಿದ್ದವೋ ಅದೇ ಈಗಿನ ಗೆರೆ. ಅದರ ಎರಡೂ ಬದಿಗೆ ಎರಡೆರಡು ಕಿಲೋಮೀಟರ್ ಸೇನಾರಹಿತ ವಲಯ. ಉದ್ದ ಸುಮಾರು 250 ಕಿಲೋಮೀಟರ್.

ಈ ಸಣ್ಣ ವ್ಯತ್ಯಾಸ ಎಷ್ಟೋ ಊರುಗಳ ಹಣೆಬರಹ ಬದಲಾಯಿಸಿತು. ಹಳೆಯ ರಾಜಧಾನಿ ಕೇಸಾಂಗ್ ಯುದ್ಧಕ್ಕೆ ಮೊದಲು ದಕ್ಷಿಣದಲ್ಲಿತ್ತು, ಈಗ ಉತ್ತರದಲ್ಲಿದೆ. ಪೂರ್ವ ಕರಾವಳಿಯ ಸೊಕ್ಚೊ ಉತ್ತರದಲ್ಲಿತ್ತು, ಈಗ ದಕ್ಷಿಣದಲ್ಲಿದೆ. ಆ ಸೊಕ್ಚೊದಲ್ಲಿ ಅಬಾಯಿ ಎಂಬ ಕೇರಿಯಿದೆ. ಉತ್ತರದ ಹಮ್‌ಗ್ಯೊಂಗ್ ಪ್ರಾಂತ್ಯದ ಆಡುಮಾತಿನಲ್ಲಿ ಅಬಾಯಿ ಎಂದರೆ ಹಿರಿಯ, ಅಜ್ಜ. ಅಲ್ಲಿಂದ ಓಡಿಬಂದವರು ಸೇನೆ ಮುಂದೆ ಸರಿದ ಕೂಡಲೇ ಊರಿಗೆ ಮರಳೋಣ ಎಂದು ಗಡಿಗೆ ಆದಷ್ಟು ಹತ್ತಿರದ ಮರಳುದಿಬ್ಬದ ಮೇಲೆ ಗುಡಿಸಲು ಹಾಕಿಕೊಂಡರು. ಆ ಗುಡಿಸಲುಗಳೇ ಊರಾದವು. ಕಾಯುತ್ತಾ ಕುಳಿತವರು ಅಜ್ಜಂದಿರಾದರು, ಈಗ ಅವರ ಮೊಮ್ಮಕ್ಕಳು ಅಲ್ಲಿ ಪ್ರವಾಸಿಗರಿಗೆ ಹಮ್‌ಗ್ಯೊಂಗ್ ಅಡುಗೆ ಬಡಿಸುತ್ತಾರೆ.

ಕುಟುಂಬಗಳು ಅಗಲಿದ್ದು ಹೇಗೆ? ಎಲ್ಲರೂ ಒಟ್ಟಿಗೆ ಹೊರಡಬಹುದಿತ್ತಲ್ಲವೇ?

ನನ್ನನ್ನು ಅತಿ ಹೆಚ್ಚು ಕಾಡುವ ಪ್ರಶ್ನೆ ಇದು. ಕೊರಿಯಾದಲ್ಲಿ ಇಂಥವರನ್ನು 'ಇಸಾನ್ ಗಾಜೊಕ್' ಎನ್ನುತ್ತಾರೆ, ಚದುರಿದ ಕುಟುಂಬ ಎಂದರ್ಥ. ಅಗಲಿದವರಲ್ಲಿ ಹೆಚ್ಚಿನವರಿಗೆ ತಾವು ಅಗಲುತ್ತಿದ್ದೇವೆ ಎಂಬುದೇ ಗೊತ್ತಿರಲಿಲ್ಲ. ಹರೆಯದ ಗಂಡುಮಕ್ಕಳನ್ನು ಯಾವುದಾದರೂ ಒಂದು ಸೇನೆ ಎಳೆದೊಯ್ಯುತ್ತದೆ ಎಂಬ ಭಯಕ್ಕೆ ಮನೆಯವರು ಅವರನ್ನು ಮೊದಲು ಕಳುಹಿಸಿದರು. ಗಂಡ ದೊಡ್ಡ ಮಗನ ಕೈ ಹಿಡಿದು ಹೊರಟ, ಹೆಂಡತಿ ಹಾಲುಗೂಸಿನ ಜೊತೆ ಉಳಿದಳು, ಅತ್ತೆ ಮಾವನನ್ನು ನೋಡಿಕೊಳ್ಳಲು ಸೊಸೆ ನಿಂತಳು. ಕೆಲವೇ ದಿನ, ಬಂದುಬಿಡುತ್ತೇನೆ ಎಂಬ ಮಾತು ಆ ಪೀಳಿಗೆಯವರ ನೆನಪುಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

1950ರ ಡಿಸೆಂಬರ್‌ನಲ್ಲಿ ಚೀನಾ ಸೇನೆ ಇಳಿದುಬಂದಾಗ ಉತ್ತರದ ಹುಂಗ್ನಾಮ್ ಬಂದರಿನಿಂದ ಸೇನೆಯ ಜೊತೆಗೆ ಸುಮಾರು ಒಂದು ಲಕ್ಷ ನಾಗರಿಕರು ಹಡಗು ಹತ್ತಿದರು. ಮೆರಿಡಿತ್ ವಿಕ್ಟರಿ ಎಂಬ ಒಂದೇ ಸರಕು ಹಡಗಿನಲ್ಲಿ 14,000 ಜನ ನಿಂತೇ ಬಂದರು. ದಾರಿಯಲ್ಲಿ ಐದು ಮಕ್ಕಳು ಹುಟ್ಟಿದವು. ಮುಂದೆ ದಕ್ಷಿಣದ ಅಧ್ಯಕ್ಷರಾದ ಮೂನ್ ಜೇ-ಇನ್ ಅವರ ತಂದೆ ತಾಯಿ ಹೀಗೆ ಹುಂಗ್ನಾಮ್‌ನಿಂದ ಬಂದವರು. ಅವರ ತಾಯಿ ತನ್ನ ತಂಗಿಯನ್ನು ಮತ್ತೆ ಕಂಡದ್ದು 2004ರಲ್ಲಿ, ಅಂದರೆ 54 ವರ್ಷಗಳ ನಂತರ. ಚಿಕ್ಕಮ್ಮನನ್ನು ನೋಡಲು ಮೂನ್ ಕೂಡ ತಾಯಿಯ ಜೊತೆ ಹೋಗಿದ್ದರು.

ಜನಜಂಗುಳಿಯಲ್ಲಿ ತಪ್ಪಿಸಿಕೊಂಡರೆ ಬುಸಾನ್‌ನ ಯೊಂಗ್ದೊ ಸೇತುವೆಯ ಬಳಿ ಸೇರೋಣ ಎಂದು ಎಷ್ಟೋ ಕುಟುಂಬಗಳು ಮಾತಾಡಿಕೊಂಡಿದ್ದವು. ಬುಸಾನ್‌ನಲ್ಲಿ ಎಲ್ಲರಿಗೂ ಹೆಸರು ಗೊತ್ತಿದ್ದ ಜಾಗ ಅದೊಂದೇ. ಸೇತುವೆಯ ಕಂಬಗಳ ತುಂಬ ಹೆಸರು ಬರೆದ ಚೀಟಿಗಳು ಅಂಟಿಕೊಂಡವು. ನಮ್ಮವರು ಬದುಕಿದ್ದಾರೆಯೇ ಎಂದು ಕೇಳುವವರಿಗಾಗಿ ಸೇತುವೆಯ ಕೆಳಗೆ ಕಣಿ ಹೇಳುವವರ ಸಾಲೇ ಬೆಳೆಯಿತು.

ಯುದ್ಧ ನಿಂತ ಮೇಲೆ ಪತ್ರ ಬರೆಯಬಹುದಿತ್ತಲ್ಲ?

ಇಲ್ಲ. ನಮಗೆ 1947ರ ವಿಭಜನೆಯ ನೋವು ಗೊತ್ತು. ಆದರೆ ಲಾಹೋರಿನಿಂದ ದೆಹಲಿಗೆ ಅಂಚೆ ಬರುತ್ತಿತ್ತು, ಕಷ್ಟಪಟ್ಟಾದರೂ ವೀಸಾ ಸಿಗುತ್ತಿತ್ತು, ಸತ್ತ ಸುದ್ದಿಯಾದರೂ ತಲುಪುತ್ತಿತ್ತು. ಎರಡು ಜರ್ಮನಿಗಳ ನಡುವೆಯೂ ಅಷ್ಟಿತ್ತು. ಕೊರಿಯಾದಲ್ಲಿ ಅಂಚೆಯಿಲ್ಲ, ಫೋನ್ ಇಲ್ಲ. ಕದನವಿರಾಮದ ನಂತರ ಒಂದೇ ಒಂದು ಬಾರಿ, 2001ರ ಮಾರ್ಚ್‌ನಲ್ಲಿ, ರೆಡ್‌ಕ್ರಾಸ್ ಮೂಲಕ ಎರಡೂ ಕಡೆಯಿಂದ ತಲಾ 300 ಪತ್ರಗಳು ಗಡಿ ದಾಟಿದವು. ಚೀನಾದ ಮಧ್ಯವರ್ತಿಗಳ ಮೂಲಕ ಗುಟ್ಟಾಗಿ ಸುದ್ದಿ ಪಡೆದವರೂ ಇದ್ದಾರೆ.

ಹಾಗಾಗಿ ತಂದೆ ತಾಯಿ ತೀರಿಕೊಂಡ ದಿನವೇ ಮಕ್ಕಳಿಗೆ ತಿಳಿಯದು. ಹಿರಿಯರಿಗೆ ಎಡೆ ಇಡುವುದು ಕೊರಿಯನ್ನರಿಗೂ ನಮ್ಮಷ್ಟೇ ಮುಖ್ಯ. ತಿಥಿಯೇ ಗೊತ್ತಿಲ್ಲದೆ ಎಡೆ ಇಡುವುದು ಹೇಗೆ? ಗಡಿಯ ಬಳಿಯ ಇಮ್ಜಿಂಗಾಕ್‌ನಲ್ಲಿ 1985ರಲ್ಲಿ ಒಂದು ಕಲ್ಲಿನ ಜಗಲಿ ಕಟ್ಟಿದರು. ಚಾಂದ್ರಮಾನ ಹೊಸ ವರ್ಷದ ದಿನವೂ ಸುಗ್ಗಿಹಬ್ಬ ಚುಸೋಕ್‌ನ ದಿನವೂ ಮುದುಕರು ಅಲ್ಲಿಗೆ ಬಂದು ಹಣ್ಣು, ಅಕ್ಕಿಯ ಮದ್ಯ ಇಟ್ಟು ಉತ್ತರಕ್ಕೆ ಮುಖ ಮಾಡಿ ಅಡ್ಡಬೀಳುತ್ತಾರೆ.

ಟಿವಿ ಕಾರ್ಯಕ್ರಮದಲ್ಲಿ ಸಾವಿರಾರು ಜನ ಒಂದಾದರು ಎಂದು ಓದಿದ್ದೇನೆ. ಅದೇನು?

ಅದು ದಕ್ಷಿಣದ ಒಳಗೇ ಚದುರಿಹೋದವರದ್ದು. 1983ರ ಜೂನ್ 30ರಂದು ಕೆಬಿಎಸ್ ವಾಹಿನಿ ಒಂದೂವರೆ ಗಂಟೆಯ ವಿಶೇಷ ಕಾರ್ಯಕ್ರಮಕ್ಕೆಂದು ನೇರ ಪ್ರಸಾರ ಶುರು ಮಾಡಿತು. ಫೋನುಗಳು ನಿಲ್ಲಲಿಲ್ಲ. ಕಾರ್ಯಕ್ರಮ 138 ದಿನ ನಡೆಯಿತು, ಒಟ್ಟು 453 ಗಂಟೆ 45 ನಿಮಿಷ. ಒಂದು ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದವು. 10,189 ಪ್ರಕರಣಗಳಲ್ಲಿ ಬಂಧುಗಳು ಸಿಕ್ಕರು. ಸೋಲ್‌ನ ಯೊಯಿದೊದಲ್ಲಿದ್ದ ವಾಹಿನಿಯ ಕಟ್ಟಡದ ಗೋಡೆಗಳು, ಅಂಗಳದ ನೆಲ ಎಲ್ಲವೂ ಕೈಬರಹದ ಫಲಕಗಳಿಂದ ಮುಚ್ಚಿಹೋದವು.

ಮೂವತ್ತು ವರ್ಷ ಒಂದೇ ಪುಟ್ಟ ದೇಶದಲ್ಲಿದ್ದೂ ಸಿಗದಿರಲು ಕಾರಣವಿದೆ. ಐದಾರು ವಯಸ್ಸಿಗೆ ಕೈತಪ್ಪಿದ ಮಕ್ಕಳಿಗೆ ತಮ್ಮ ಪೂರ್ತಿ ಹೆಸರೂ ಗೊತ್ತಿರಲಿಲ್ಲ. ನೆನಪಿದ್ದದ್ದು ಅಂಗಳದ ಮರ, ಅಣ್ಣನ ಅಡ್ಡಹೆಸರು, ತಂಗಿಯ ಮೈಮೇಲಿನ ಸುಟ್ಟ ಗಾಯದ ಕಲೆ. ಎರಡು ನಗರಗಳ ಸ್ಟುಡಿಯೊಗಳಲ್ಲಿ ಕುಳಿತು ಅವರು ಒಬ್ಬರಿಗೊಬ್ಬರು ಅದನ್ನೇ ಕೇಳುತ್ತಿದ್ದರು. ಆ ದಾಖಲೆಗಳನ್ನು ಯುನೆಸ್ಕೊ 2015ರಲ್ಲಿ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು.

ಉತ್ತರ ಮತ್ತು ದಕ್ಷಿಣದ ಬಂಧುಗಳು ಭೇಟಿಯಾಗಿದ್ದಾರೆಯೇ?

ಆಗಿದ್ದಾರೆ, ಆದರೆ ತೀರಾ ಕಡಿಮೆ. ಮೊದಲ ಭೇಟಿ 1985ರಲ್ಲಿ. 2000ದ ಜೂನ್‌ನಲ್ಲಿ ದಕ್ಷಿಣದ ಅಧ್ಯಕ್ಷ ಕಿಮ್ ಡೇ-ಜುಂಗ್ ಮತ್ತು ಉತ್ತರದ ನಾಯಕ ಕಿಮ್ ಜೊಂಗ್-ಇಲ್ ಪ್ಯೊಂಗ್ಯಾಂಗ್‌ನಲ್ಲಿ ಕೈಕುಲುಕಿದ ಮೇಲೆ ಆ ವರ್ಷದ ಆಗಸ್ಟ್‌ನಿಂದ 2018ರ ಆಗಸ್ಟ್‌ವರೆಗೆ 21 ಸುತ್ತು ನಡೆದವು. ಒಟ್ಟು ಸುಮಾರು 20,000 ಮಂದಿ ತಮ್ಮವರ ಮುಖ ಕಂಡರು.

ಆಯ್ಕೆ ಲಾಟರಿಯಿಂದ. 2018ರಲ್ಲಿ ಬದುಕಿದ್ದ ಸುಮಾರು 57,000 ಅರ್ಜಿದಾರರಲ್ಲಿ ಅವಕಾಶ ಸಿಕ್ಕಿದ್ದು ನೂರಕ್ಕೂ ಕಡಿಮೆ ಮಂದಿಗೆ. ಉತ್ತರದ ಕುಮ್‌ಗಾಂಗ್ ಬೆಟ್ಟದ ಬಳಿ ಮೂರು ದಿನ ಎರಡು ರಾತ್ರಿ ಇರಬಹುದಿತ್ತು, ಆದರೆ ಒಟ್ಟಿಗೆ ಕಳೆಯಲು ಸಿಗುತ್ತಿದ್ದದ್ದು ಹೆಚ್ಚೆಂದರೆ ಹನ್ನೆರಡು ಗಂಟೆ. ರಾತ್ರಿ ಒಂದೇ ಕೋಣೆಯಲ್ಲಿ ಮಲಗುವಂತಿರಲಿಲ್ಲ. ಎಪ್ಪತ್ತು ದಾಟಿದ ಮಗನಿಗೆ ತೊಂಬತ್ತು ದಾಟಿದ ತಾಯಿ ಊಟದ ಮೇಜಿನಲ್ಲಿ ತುತ್ತು ಕೊಡುವುದನ್ನು ಜಗತ್ತು ನೋಡಿತು. ಮೂರನೇ ದಿನ ಬಸ್ ಹೊರಡುತ್ತದೆ. ಕಿಟಕಿಯ ಗಾಜಿಗೆ ಒಳಗಿನಿಂದ ಒಂದು ಅಂಗೈ, ಹೊರಗಿನಿಂದ ಒಂದು ಅಂಗೈ. ಒಮ್ಮೆ ಭೇಟಿಯಾದವರಿಗೆ ಎರಡನೇ ಅವಕಾಶವಿರಲಿಲ್ಲ. ಮನೆಗೆ ಮರಳಿದ ಮೇಲೆ ಹಲವರು ಊಟ ನಿದ್ದೆ ಬಿಟ್ಟರು.

ಆ ಕಡೆ ಬಂಧುಗಳಿದ್ದಾರೆ ಎಂಬುದೇ ಅಪರಾಧವಾಗಿತ್ತೇ?

ಎರಡೂ ಕಡೆ ಆಗಿತ್ತು. ಉತ್ತರದಲ್ಲಿ 'ಸೊಂಗ್‌ಬುನ್' ಎಂಬ ವರ್ಗೀಕರಣವಿದೆ. ದಕ್ಷಿಣಕ್ಕೆ ಓಡಿಹೋದವರ ಮನೆಯವರು ನಂಬಿಕೆಗೆ ಅರ್ಹರಲ್ಲದವರ ಸಾಲಿಗೆ ಬಿದ್ದು, ಓದು, ಉದ್ಯೋಗ, ವಾಸದ ಊರು ಎಲ್ಲದರಲ್ಲೂ ಹಿಂದುಳಿದರು. ದಕ್ಷಿಣದಲ್ಲಿ 'ಯೊನ್‌ಜ್ವಾಜೆ' ಎಂಬ ಪದ್ಧತಿ 1980ರವರೆಗೂ ಇತ್ತು. ಅಪ್ಪನೋ ಚಿಕ್ಕಪ್ಪನೋ ಉತ್ತರಕ್ಕೆ ಹೋಗಿದ್ದರೆ ಮಗನಿಗೆ ಸರ್ಕಾರಿ ನೌಕರಿ, ವಿದೇಶ ಪ್ರಯಾಣ ಗಗನಕುಸುಮ. ಹೀಗಾಗಿ ಎಷ್ಟೋ ತಾಯಂದಿರು ಮಕ್ಕಳ ಎದುರು ಗಂಡನ ಹೆಸರನ್ನೇ ಎತ್ತಲಿಲ್ಲ.

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 1950ರ ಬೇಸಗೆಯಲ್ಲಿ ದಕ್ಷಿಣದ ಪೊಲೀಸರು ಮತ್ತು ಸೇನೆ 'ಬೊದೊ ಯೊನ್‌ಮೆಂಗ್' ಎಂಬ ಸಂಘದ ಪಟ್ಟಿಯಲ್ಲಿ ಹೆಸರಿದ್ದವರನ್ನು ಎಡಪಂಥೀಯರೆಂದು ಹಿಡಿದು ಗುಂಪುಗುಂಪಾಗಿ ಕೊಂದರು. ಸತ್ತವರು ಹತ್ತಾರು ಸಾವಿರ. ಅವರಲ್ಲಿ ರಾಜಕೀಯದ ಗಂಧಗಾಳಿ ಇಲ್ಲದ ರೈತರು ಬಹಳ. ಹಿಮ್ಮೆಟ್ಟುವಾಗ ಉತ್ತರದ ಸೇನೆಯೂ ಡೇಜಾನ್ ಸೆರೆಮನೆಯಂಥ ಕಡೆಗಳಲ್ಲಿ ಬಂದಿಗಳನ್ನು ಕೊಂದಿತು. ಜೂನ್ 28ರಂದು ಹಾನ್ ನದಿಯ ಸೇತುವೆಯನ್ನು ದಕ್ಷಿಣದ ಸೇನೆಯೇ ಸ್ಫೋಟಿಸಿತು. ದಾಟಲಾಗದೆ ಸೋಲ್‌ನಲ್ಲಿ ಉಳಿದ ಜನರನ್ನು, ಮೂರು ತಿಂಗಳ ನಂತರ ಮರಳಿ ಬಂದ ಸರ್ಕಾರ ಶತ್ರುವಿನ ಜೊತೆ ಸೇರಿದವರೆಂದು ವಿಚಾರಣೆ ಮಾಡಿತು. ದಶಕಗಳ ಮೌನದ ನಂತರ, 2005ರಲ್ಲಿ ರಚನೆಯಾದ ಸತ್ಯ ಮತ್ತು ಸಮನ್ವಯ ಆಯೋಗ ಹೂತ ಹೊಂಡಗಳನ್ನು ಅಗೆಸಿತು. ಈ ಅಧ್ಯಾಯ ಬಿಟ್ಟು ಕೊರಿಯಾ ಯುದ್ಧದ ಕಥೆ ಹೇಳುವವರು ಅರ್ಧ ಕಥೆ ಹೇಳುತ್ತಾರೆ.

ಭಾರತಕ್ಕೂ ಈ ಯುದ್ಧಕ್ಕೂ ಏನು ಸಂಬಂಧ? ಕೊಡಗಿನ ತಿಮ್ಮಯ್ಯನವರ ಹೆಸರು ಕೇಳಿದ್ದೇನೆ.

ಭಾರತ ಹೋರಾಡುವ ಪಡೆ ಕಳುಹಿಸಲಿಲ್ಲ. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ನೇತೃತ್ವದ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ಘಟಕವನ್ನು ಕಳುಹಿಸಿತು.

ಹೆಚ್ಚು ತೂಕದ ಕೆಲಸ ಬಂದದ್ದು ಕೊನೆಯಲ್ಲಿ. ಕದನವಿರಾಮದ ಮಾತುಕತೆ ಒಂದೂವರೆ ವರ್ಷ ಸಿಕ್ಕಿಹಾಕಿಕೊಂಡದ್ದು ಯುದ್ಧಕೈದಿಗಳ ಪ್ರಶ್ನೆಯಲ್ಲಿ. ತಮ್ಮ ದೇಶಕ್ಕೆ ಮರಳಲು ಒಪ್ಪದವರನ್ನು ಬಲವಂತವಾಗಿ ಕಳುಹಿಸಬೇಕೇ ಬೇಡವೇ? ಇದನ್ನು ಬಿಡಿಸಲು ಐದು ತಟಸ್ಥ ರಾಷ್ಟ್ರಗಳ ಆಯೋಗವೊಂದು ರಚನೆಯಾಯಿತು. ಅದರ ಅಧ್ಯಕ್ಷರು ಮಡಿಕೇರಿಯಲ್ಲಿ ಹುಟ್ಟಿದ ಲೆಫ್ಟಿನೆಂಟ್ ಜನರಲ್ ಕೆ.ಎಸ್. ತಿಮ್ಮಯ್ಯ. ಕೈದಿಗಳನ್ನು ಕಾಯಲು ಮೇಜರ್ ಜನರಲ್ ಎಸ್.ಪಿ.ಪಿ. ತೋರಟ್ ಅವರ ಕೈಕೆಳಗೆ ಸಾವಿರಾರು ಭಾರತೀಯ ಸೈನಿಕರು ಹೋದರು. ಭಾರತೀಯರು ದಕ್ಷಿಣದ ನೆಲ ಮೆಟ್ಟಕೂಡದು ಎಂದು ರೀ ಹಟ ಹಿಡಿದಿದ್ದರಿಂದ ಅವರನ್ನು ಹಡಗಿನಿಂದ ನೇರವಾಗಿ ಹೆಲಿಕಾಪ್ಟರ್‌ಗಳಲ್ಲಿ ಸೇನಾರಹಿತ ವಲಯಕ್ಕೆ ಇಳಿಸಿದರು. ಆ ಬಿಡಾರಕ್ಕೆ ಹಿಂದ್ ನಗರ ಎಂದು ಹೆಸರಿಟ್ಟರು.

ಅಲ್ಲಿದ್ದ ಉತ್ತರ ಕೊರಿಯಾ ಮತ್ತು ಚೀನಾದ ಸುಮಾರು 22,600 ಕೈದಿಗಳಲ್ಲಿ ಊರಿಗೆ ಮರಳಲು ಮನಸ್ಸು ಬದಲಾಯಿಸಿದವರು ಕೆಲವೇ ನೂರು. ಇನ್ನೊಂದು ಕಡೆಗೆ ಸೆರೆಸಿಕ್ಕು, ಮರಳಲು ಒಪ್ಪದೆ ಅಲ್ಲೇ ಉಳಿದವರಲ್ಲಿ 21 ಅಮೆರಿಕನ್ನರೂ ಒಬ್ಬ ಬ್ರಿಟಿಷನೂ ಇದ್ದರು. ಎರಡೂ ಬಣಗಳು ತಿಮ್ಮಯ್ಯನವರನ್ನು ಪಕ್ಷಪಾತಿ ಎಂದು ದೂರಿದವು. ಎರಡೂ ಕಡೆಯಿಂದ ಒಂದೇ ದೂರು ಬಂದದ್ದೇ ಅವರು ನಡುವೆ ನಿಂತಿದ್ದರು ಎಂಬುದಕ್ಕೆ ಸಾಕ್ಷಿ ಎಂದು ನಾನು ನಂಬುತ್ತೇನೆ. ಉತ್ತರವೂ ಬೇಡ, ದಕ್ಷಿಣವೂ ಬೇಡ, ಚೀನಾ, ತೈವಾನ್ ಯಾವುದೂ ಬೇಡ ಎಂದ 88 ಮಂದಿ ಭಾರತೀಯ ಪಡೆಯ ಜೊತೆ ನಮ್ಮ ದೇಶಕ್ಕೆ ಬಂದರು. ಹಲವರು ಮುಂದೆ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋದರು, ಕೆಲವರು ಇಲ್ಲೇ ಉಳಿದರು. ತಿಮ್ಮಯ್ಯನವರ ಮಡಿಕೇರಿಯ ಮನೆ 'ಸನ್ನಿಸೈಡ್' ಈಗ ವಸ್ತುಸಂಗ್ರಹಾಲಯ. ಆ ಕಡೆ ಹೋದವರು ನೋಡಿ ಬನ್ನಿ.

ಎರಡೂ ಕಡೆಯವರು ಆಡುವ ಭಾಷೆ ಈಗಲೂ ಒಂದೇ ಏನು?

ಒಂದೇ, ಆದರೆ ಪದಗಳು ದೂರ ಸರಿಯುತ್ತಿವೆ. ದಕ್ಷಿಣದಲ್ಲಿ 'ಓಜಿಂಗೊ' ಎಂದು ಕರೆಯುವ ಸಮುದ್ರಜೀವಿಗೆ ಉತ್ತರದಲ್ಲಿ 'ನಾಕ್ಜಿ' ಎನ್ನುತ್ತಾರೆ, ದಕ್ಷಿಣದಲ್ಲಿ ನಾಕ್ಜಿ ಎಂದರೆ ಬೇರೆಯೇ ಪ್ರಾಣಿ. ಇದಕ್ಕಿಂತ ನೋಯಿಸುವುದು 'ದೊಂಗ್ಮು' ಎಂಬ ಪದದ ಗತಿ. ಮಕ್ಕಳು ಜೊತೆಗಾರರನ್ನು ಕರೆಯುತ್ತಿದ್ದ ಸಿಹಿಯಾದ ಪದ ಅದು. ಉತ್ತರದಲ್ಲಿ ಅದನ್ನು ಕಾಮ್ರೇಡ್ ಎಂಬ ಅರ್ಥಕ್ಕೆ ತಿರುಗಿಸಿದರು. ಆಮೇಲೆ ದಕ್ಷಿಣದಲ್ಲಿ ಅದನ್ನು ಆಡಲು ಜನ ಹೆದರಿದರು, ಅದರ ಜಾಗಕ್ಕೆ 'ಚಿಂಗು' ಬಂತು. ಎರಡೂ ಕಡೆಯ ಭಾಷಾತಜ್ಞರು ಸೇರಿ 2005ರಿಂದ ಒಂದು ಸಮಾನ ನಿಘಂಟು ಮಾಡಲು ಹೊರಟರು. ರಾಜಕೀಯ ಕೆಟ್ಟಾಗಲೆಲ್ಲ ಆ ಕೆಲಸ ನಿಲ್ಲುತ್ತದೆ.

ಬಿಟಿಎಸ್ ಗಾಯಕರು ಸೇನೆಗೆ ಹೋಗಬೇಕಾದದ್ದು ಇದೇ ಕಾರಣಕ್ಕೇ?

ಹೌದು. ಕದನವಿರಾಮದಲ್ಲಿರುವ ದೇಶವಾದ್ದರಿಂದ ದಕ್ಷಿಣದ ಆರೋಗ್ಯವಂತ ಗಂಡಸರೆಲ್ಲರಿಗೂ ಸೇನಾಸೇವೆ ಕಡ್ಡಾಯ, ಭೂಸೇನೆಯಲ್ಲಿ 18 ತಿಂಗಳು. ಉತ್ತರದಲ್ಲಿ ಅದು ಹಲವು ವರ್ಷಗಳ ಮಾತು.

ಸೇನಾರಹಿತ ವಲಯದಲ್ಲಿ ಕಾಡು ಬೆಳೆದಿದೆಯಂತೆ?

ಎಪ್ಪತ್ತು ವರ್ಷಗಳಿಂದ ಜನಸಾಮಾನ್ಯರು ಹೆಚ್ಚುಕಡಿಮೆ ಕಾಲಿಡದ ನೆಲ ಅದು. ನೆಲಬಾಂಬ್‌ಗಳ ನಡುವೆ ಕಾಡು ಎದ್ದಿದೆ. ಚಳಿಗಾಲದಲ್ಲಿ ಚೊರ್ವಾನ್ ಬಯಲಿಗೆ ಕೆಂಪು ನೆತ್ತಿಯ ಕ್ರೌಂಚಗಳು ಜೋಡಿಜೋಡಿಯಾಗಿ ಬರುತ್ತವೆ. ಕ್ರೌಂಚದ ಜೋಡಿಯನ್ನು ಅಗಲಿಸಿದ ಬಾಣದಿಂದ ರಾಮಾಯಣ ಹುಟ್ಟಿತೆಂದು ಕೇಳಿ ಬೆಳೆದವರಿಗೆ ಆ ಚಿತ್ರಗಳನ್ನು ನೋಡುವುದು ಸುಲಭವಲ್ಲ.

ಎರಡೂ ದೇಶಗಳು ಮತ್ತೆ ಒಂದಾಗುತ್ತವೆಯೇ?

ಸದ್ಯಕ್ಕೆ ದಾರಿ ಕಾಣುತ್ತಿಲ್ಲ. 2018ರ ಏಪ್ರಿಲ್‌ನಲ್ಲಿ ಮೂನ್ ಮತ್ತು ಉತ್ತರದ ನಾಯಕ ಕಿಮ್ ಜೊಂಗ್-ಉನ್ ಕೈ ಹಿಡಿದು ಗೆರೆ ದಾಟಿದಾಗ ಬಹಳ ಜನ ಅತ್ತಿದ್ದರು. 2020ರ ಜೂನ್‌ನಲ್ಲಿ ಕೇಸಾಂಗ್‌ನ ಎರಡೂ ದೇಶಗಳ ಸಂಪರ್ಕ ಕಚೇರಿಯನ್ನು ಉತ್ತರ ಸ್ಫೋಟಿಸಿತು. 2023ರ ಕೊನೆಯಲ್ಲಿ, ದಕ್ಷಿಣದವರು ಇನ್ನು ಒಡಹುಟ್ಟಿದವರಲ್ಲ, ವೈರಿ ರಾಷ್ಟ್ರದವರು ಎಂದು ಕಿಮ್ ಘೋಷಿಸಿದರು. ಮರುವರ್ಷ ಗಡಿ ದಾಟುವ ರಸ್ತೆಗಳನ್ನೂ ಸಿಡಿಸಿದರು. ದಕ್ಷಿಣದ ಯುವಜನರಲ್ಲೂ ಒಂದಾಗುವ ಹಂಬಲ ಇಳಿಯುತ್ತಿದೆ. ಅವರನ್ನು ದೂರಲಾರೆ. ಅವರಿಗೆ ಉತ್ತರದಲ್ಲಿ ಕಾಯುತ್ತಿರುವ ಮುಖ ಯಾವುದೂ ಇಲ್ಲ.

ಇನ್ನೂ ಬದುಕಿರುವ ಅಗಲಿದವರಿಗೆ ಈಗ ಏನು ದಾರಿ?

1988ರಿಂದ ದಕ್ಷಿಣದಲ್ಲಿ ಸುಮಾರು 1,34,000 ಮಂದಿ ಹೆಸರು ನೋಂದಾಯಿಸಿದ್ದರು. ಅವರಲ್ಲಿ ಹತ್ತಿರ ಹತ್ತಿರ ಮುಕ್ಕಾಲು ಪಾಲು ಜನ ತೀರಿಕೊಂಡಿದ್ದಾರೆ. ಉಳಿದವರಲ್ಲಿ ಬಹುಪಾಲು ಎಂಬತ್ತು ದಾಟಿದವರು. 2018ರ ನಂತರ ಒಂದು ಭೇಟಿಯೂ ನಡೆದಿಲ್ಲ. ಕುಮ್‌ಗಾಂಗ್‌ನಲ್ಲಿ ಭೇಟಿಗೆಂದೇ ಕಟ್ಟಿದ್ದ ಕಟ್ಟಡವನ್ನು ಉತ್ತರ ಕೆಡವುತ್ತಿದೆ ಎಂದು 2025ರಲ್ಲಿ ದಕ್ಷಿಣದ ಸರ್ಕಾರ ತಿಳಿಸಿತು.

ಹಾಗಾಗಿ ಸೋಲ್‌ನ ಏಕೀಕರಣ ಸಚಿವಾಲಯ ಎರಡು ಕೆಲಸ ಮಾಡುತ್ತಿದೆ. ಮೊದಲನೆಯದು ವಿಡಿಯೊ ಪತ್ರ. ವೃದ್ಧರು ಕ್ಯಾಮೆರಾ ಮುಂದೆ ಕುಳಿತು ತಮ್ಮ ಊರಿನ ಹೊಳೆ, ಮನೆಯ ಬಾಗಿಲು, ತಮ್ಮ ತಂಗಿಯರ ಹೆಸರು ಹೇಳುತ್ತಾರೆ. ಕಳುಹಿಸಲು ದಾರಿಯಿಲ್ಲದ ಆ ಪತ್ರಗಳನ್ನು ಕಾಯ್ದಿಡಲಾಗಿದೆ. ಎರಡನೆಯದು 2014ರಿಂದ ನಡೆಯುತ್ತಿರುವ ಡಿಎನ್ಎ ಪರೀಕ್ಷೆ. ರಕ್ತ, ಕೂದಲು, ಎಂಜಲಿನ ಮಾದರಿ ಕೊಟ್ಟು ಹೋದರೆ, ತಾವು ತೀರಿಕೊಂಡ ನಂತರ ಎಂದಾದರೂ ಗಡಿ ತೆರೆದ ದಿನ, ಆ ಕಡೆಯಿಂದ ಬರುವ ಮಗನೋ ಮೊಮ್ಮಗಳೋ ತಮ್ಮವರು ಯಾರೆಂದು ಕೇಳಿದಾಗ ಹೆಸರು ಹೇಳಲು ಅದು ಬೇಕಾಗುತ್ತದೆ.